ಮನೆಗೆಲಸ ಮಾಡುವ ಗಂಡನಿಗೆ ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಚೇರಿಯಲ್ಲಿ ಹೊಸದಾಗಿ ಮದುವೆಯಾದ ಹುಡುಗರು ಕೇಳುತ್ತಾರೆ. ಓಣಿಯಲ್ಲಿ ಕಾಕಾಂದಿರು ಕೇಳುತ್ತಾರೆ. ಮದುವೆ, ಸೀಮಂತಕ್ಕೆ ಹೋದರೆ ಅಕ್ಕಂದಿರು ತಮ್ಮ ಗಂಡಂದಿರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡೇ ಕೇಳುತ್ತಾರೆ. ಎಲ್ಲರಿಗೂ ಒಬ್ಬೊಬ್ಬರಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಾನು ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವನು. ನನ್ನ ಹೆಂಡತಿ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಅವ್ವ ಇದ್ದಾಳೆ, ಮಗಳಿದ್ದಾಳೆ. ಮನೆಗೆಲಸ ನನಗೆ ಇಷ್ಟ. ಸಂಸಾರದ ಅರ್ಧ ನಗು ಅಡಿಗೆಮನೆಯಲ್ಲೇ ಹುಟ್ಟುತ್ತದೆ ಅನ್ನುವುದು ನನ್ನ ನಂಬಿಕೆ.

ನಿಜ ಹೇಳಿ. ಖುಷಿಯಿಂದ ಮಾಡ್ತೀರಾ, ಇಲ್ಲಾ ಹೆಂಡತಿಗೆ ಹೆದರಿ ಮಾಡ್ತೀರಾ?

ಖುಷಿಯಿಂದ. ಸಂಜೆ ಆಕೆ ಪುಂಡಿಪಲ್ಯ ಸೋಸುತ್ತಾಳೆ, ನಾನು ಬಳ್ಳೊಳ್ಳಿ (ಬೆಳ್ಳುಳ್ಳಿ) ಸುಲಿಯುತ್ತೇನೆ. ಆಗ ಶಾಲೆಯ ಸುದ್ದಿ ಬರುತ್ತದೆ, ಕಚೇರಿಯ ಸುದ್ದಿ ಬರುತ್ತದೆ, ಯಾರ ಮದುವೆ ಎಲ್ಲಿ ನಿಕ್ಕಿಯಾಯಿತು ಅನ್ನುವುದೂ ಬರುತ್ತದೆ. ಅದೇ ಹೊತ್ತಿಗೆ ಇಬ್ಬರೂ ಸುಮ್ನೆ ಟೀವಿ ಮುಂದೆ ಕುಂತರೆ ಈ ಮಾತು ಬರುವುದಿಲ್ಲ. ಕೈಗೆ ಕೆಲಸ ಇದ್ದಾಗ ಬಾಯಿ ತಾನಾಗೇ ಬಿಚ್ಚುತ್ತದೆ. ದಿನದಲ್ಲಿ ನಮಗೆ ಇಬ್ಬರಿಗೇ ಅಂತ ಸಿಗುವ ಒಳ್ಳೆಯ ಹೊತ್ತು ಅದೇ. ಅದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ಯಾವ ಕೆಲಸದಿಂದ ಶುರು ಮಾಡಲಿ?

ನೀರಿನಿಂದ. ನಮ್ಮ ಊರಿನ ಬಹಳ ಓಣಿಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಭೀಮಾ ನದಿಯಿಂದ, ಬೆಣ್ಣೆತೊರಾದಿಂದ ಬರುವ ನೀರನ್ನು ಓಣಿಯ ಪಾಳಿಯ ಪ್ರಕಾರ ಬಿಡುತ್ತಾರೆ. "ರೀ, ನಳ ಬಂದದ!" ಅನ್ನುವ ಕೂಗು ಕೇಳಿದರೆ ಮಲಗಿದವರೂ ಏಳಬೇಕು. ಇದು ಹೊಸ ಗಂಡನಿಗೆ ಹೇಳಿ ಮಾಡಿಸಿದ ಕೆಲಸ. ಇದರಲ್ಲಿ ಶಕ್ತಿ ಬೇಕು, ಓಡಾಟ ಬೇಕು, ಮುಗಿದ ಮೇಲೆ ತುಂಬಿದ ಡ್ರಮ್ ನೋಡಿದರೆ ಸಮಾಧಾನವೂ ಆಗುತ್ತದೆ.

ಆದರೆ ಪೂರ್ತಿ ಮಾಡಿ. ಪಾಳಿ ಯಾವತ್ತು ಅಂತ ನೆನಪಿಡುವುದು ನಿಮ್ಮ ಕೆಲಸ. ಹಿಂದಿನ ರಾತ್ರಿ ಕೊಡ ತಿಕ್ಕಿಡುವುದು ನಿಮ್ಮ ಕೆಲಸ. ಮೊದಲು ಬರುವ ಕೆಂಪು ನೀರನ್ನು ಬಳಸೋಕೆ ಬೇರೆ ಹಿಡಿದು, ತಿಳಿ ನೀರು ಬಂದ ಮೇಲೆ ಕುಡಿಯೋಕೆ ಬಟ್ಟೆ ಕಟ್ಟಿ ಹಿಡಿಯುವುದು, ಟ್ಯಾಂಕ್ ತುಂಬಿದ ಕೂಡಲೇ ಮೋಟರ್ ಬಂದ್ ಮಾಡುವುದು, ಅಂಗಳದಲ್ಲಿ ಚೆಲ್ಲಿದ್ದನ್ನು ಬಳಿಯುವುದು, ಇವೂ ನಿಮ್ಮವೇ. ಈ ಒಂದು ಕೆಲಸ ಹೆಂಡತಿಯ ತಲೆಯಿಂದ ಪೂರ್ತಿ ಇಳಿದರೆ ಆಕೆಯ ಮುಖದಲ್ಲೇ ಗೊತ್ತಾಗುತ್ತದೆ.

"ಹೇಳು, ಮಾಡ್ತೀನಿ" ಅಂತ ನಾನು ಹೇಳ್ತಾನೇ ಇರ್ತೀನಿ. ಆದ್ರೂ ಆಕಿಗೆ ಸಿಟ್ಟು ಯಾಕೆ?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಹೇಳುವುದೂ ಒಂದು ಕೆಲಸವೇ. ಗ್ಯಾಸ್ ಯಾವಾಗ ಮುಗಿಯುತ್ತದೆ, ಜೋಳದ ಹಿಟ್ಟು ಇನ್ನೆಷ್ಟು ದಿನ ಬರುತ್ತದೆ, ಅವ್ವನ ಬಿಪಿ ಗುಳಿಗೆ ಎಷ್ಟು ಉಳಿದಿವೆ, ಮಗಳ ಬಿಳಿ ಯೂನಿಫಾರ್ಮ್ ಯಾವ ದಿನ ಬೇಕು, ನಾಳೆ ನಾಷ್ಟಾಕ್ಕೆ ಅವಲಕ್ಕಿ ಇದೆಯೋ ಇಲ್ಲವೋ. ಇದೆಲ್ಲಾ ಒಬ್ಬರ ತಲೆಯಲ್ಲೇ ದಿನಪೂರ್ತಿ ಓಡುತ್ತಿದ್ದರೆ, ಕೈ ಖಾಲಿ ಇದ್ದರೂ ಅವರಿಗೆ ಪುರುಸೊತ್ತು ಸಿಗುವುದಿಲ್ಲ. ನೀವು ಹೇಳಿದ್ದನ್ನು ಮಾಡಿ ಮುಗಿಸಿ ಕಾಲು ಚಾಚುತ್ತೀರಿ. ಆಕೆ ಮುಂದಿನದನ್ನು ಯೋಚಿಸುತ್ತಿರುತ್ತಾಳೆ.

ನಮ್ಮ ಮನೆಯಲ್ಲಿ ಕೆಲವು ಕೆಲಸಗಳು ತುದಿಯಿಂದ ತುದಿತನಕ ನನ್ನವು: ನೀರು, ಗಿರಣಿ, ಗ್ಯಾಸ್, ಔಷಧಿ, ರಾತ್ರಿಯ ಭಾಂಡೆ, ಅಂದರೆ ಪಾತ್ರೆ. ಅಡಿಗೆಮನೆ ಬಾಗಿಲ ಹಿಂದೆ ಕ್ಯಾಲೆಂಡರ್ ಇದೆ, ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲ್ ಇದೆ. ಸಿಲಿಂಡರ್ ಹಚ್ಚಿದ ದಿನ ಬರೆಯುತ್ತೇನೆ, ಹಿಟ್ಟು ಬೀಸಿಸಿದ ದಿನ ಬರೆಯುತ್ತೇನೆ. ಆಕೆ ಅದರ ಕಡೆ ನೋಡಲೂಬೇಕಾಗಿಲ್ಲ. ಒಂದು ದಿನ ಆಕೆ ತನ್ನ ಅಕ್ಕನಿಗೆ ಫೋನಿನಲ್ಲಿ, "ನಮ್ಮನಿಯಾಗ ಗ್ಯಾಸ್ ಯಾವಾಗ ಬರ್ತದ ನಂಗೇ ಗೊತ್ತಿಲ್ಲ ನೋಡು" ಅಂದಳು. ಆ ಮಾತು ಕೇಳಿ ನನಗಾದ ಖುಷಿ ಇನ್ಕ್ರಿಮೆಂಟ್ ಬಂದಾಗಲೂ ಆಗಿಲ್ಲ.

ರೊಟ್ಟಿ ಬಡಿಯೋಕೆ ಗಂಡಸರಿಗೆ ಬರ್ತದಾ?

ಬರುತ್ತದೆ. ಖಾನಾವಳಿಗಳಲ್ಲಿ ಗಂಡಸರೂ ಬಡಿಯುತ್ತಾರೆ, ನೋಡಿಲ್ವಾ? ನನಗೆ ಕಲಿಸಿದವಳು ಅವ್ವ. ಕಲಿಯೋಕೆ ಬೇಕಾದ್ದು ತಾಳ್ಮೆ ಮತ್ತು ಬಿಸಿ ತಡೆಯುವ ಬೆರಳು.

ಜೋಳದ ಹಿಟ್ಟಿನಲ್ಲಿ ಗೋಧಿ ಹಿಟ್ಟಿನಲ್ಲಿರುವ ಗ್ಲೂಟೆನ್ ಅನ್ನುವ ಜಿಗಿ ಇರುವುದಿಲ್ಲ. ಅದಕ್ಕೇ ಲಟ್ಟಿಸಿದರೆ ಬಿರಿಯುತ್ತದೆ, ತಣ್ಣೀರಲ್ಲಿ ಕಲಸಿದರೆ ಒಡೆಯುತ್ತದೆ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಅಂಟಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಎಲ್ಲಾ ಗುಟ್ಟು ಎಸರಿನಲ್ಲಿ ಮತ್ತು ನಾದುವುದರಲ್ಲಿದೆ. ಪರಾತದಲ್ಲಿ ಹಿಟ್ಟು ಗುಡ್ಡೆ ಮಾಡಿ, ನಡುವೆ ಗುಳಿ ತೆಗೆದು, ಎಸರು ಸುರಿದು, ಮೊದಲು ಚಮಚದಿಂದ ಕಲಸಿ. ಕೈ ತಡೆಯುವಷ್ಟು ಆರಿದಾಗ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ. ಒಂದು ರೊಟ್ಟಿಗೆ ಬೇಕಾದಷ್ಟು ತೆಗೆದು ಮತ್ತೊಮ್ಮೆ ನಾದಿ. ಅಂಚು ಬಿರಿಯುವುದು ನಿಲ್ಲುವತನಕ ಬಿಡಬೇಡಿ.

ಕೆಳಗೆ ಒಣ ಹಿಟ್ಟು ಉದುರಿಸಿ, ಬಲಗೈಯಿಂದ ಬಡಿಯುತ್ತಾ ಎಡಗೈಯಿಂದ ಅಂಚು ಸರಿಸಿ ತಿರುಗಿಸಿ. ಬೆರಳ ತುದಿ ಒತ್ತಿದರೆ ತೂತು ಬೀಳುತ್ತದೆ, ಅಂಗೈ ಚಪ್ಪಟೆಯಾಗಿ ಬೀಳಬೇಕು. ಹಂಚಿಗೆ ಹಾಕುವಾಗ ಒಣ ಹಿಟ್ಟಿದ್ದ ಬದಿ ಮೇಲೆ ಬರಬೇಕು. ಕೂಡಲೇ ಒದ್ದೆ ಅರಿವೆಯಿಂದ ಮೇಲೆಲ್ಲಾ ನೀರು ಸವರಿ. ನೀರು ಆರುತ್ತಿದ್ದಂತೆ ಹೊಳ್ಳಿಸಿ ಹಾಕಿ. ಎರಡೂ ಬದಿ ಬೆಂದ ಮೇಲೆ ಬಟ್ಟೆಯಿಂದ ಮೆಲ್ಲಗೆ ಒತ್ತಿದರೆ ಒಂದು ಕಡೆಯಿಂದ ಉಬ್ಬೋಕೆ ಶುರುವಾಗುತ್ತದೆ. ಪೂರ್ತಿ ಉಬ್ಬಿದ ರೊಟ್ಟಿ ನೋಡಿ ನಮ್ಮ ಮಗಳು ಚಪ್ಪಾಳೆ ಹೊಡೆಯುತ್ತಾಳೆ. ನನಗೂ ಹೊಡೆಯಬೇಕು ಅನಿಸುತ್ತದೆ, ಕೈ ಹಿಟ್ಟಾಗಿರುತ್ತದೆ.

ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ಎಷ್ಟು ನಾದಿದರೂ ರೊಟ್ಟಿ ಹರಿಯುತ್ತದೆ. ಆದ್ದರಿಂದ ತಿಂಗಳಿಗಾಗುವಷ್ಟು ಬೀಸಿಸಬೇಡಿ, ವಾರಕ್ಕೆ ಆಗುವಷ್ಟು ಸಾಕು. ಗಿರಣಿಗೆ ಹೋಗುವುದು ನಿಮ್ಮ ಕೆಲಸವಾದರೆ ಇದು ನಿಮಗೇ ಗೊತ್ತಾಗುತ್ತದೆ.

ಅಡಿಗೆ ಏನೂ ಬರಲ್ಲ. ಕನಿಷ್ಠ ಏನು ಕಲಿಯಲಿ?

ಬೇಳೆ. ತೊಗರಿ ಕಣಜದಲ್ಲಿ ಹುಟ್ಟಿ ಬೇಳೆ ಬೇಯಿಸೋಕೆ ಬರದಿದ್ದರೆ ಹೆಂಗೆ? ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ನೆಲದ್ದೇ ಅನ್ನುವ ಗುರುತು, ಸಿಕ್ಕಿದೆ. ತೊಳೆದು ಅರ್ಧ ಗಂಟೆ ನೆನೆಸಿ, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಿ ಕುಕ್ಕರ್ ಇಡಿ. ಹುಣಸೆಹುಳಿ ಮೊದಲೇ ಹಾಕಬೇಡಿ, ಹುಳಿ ಬಿದ್ದರೆ ಬೇಳೆ ಬೇಯುವುದು ತಡವಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲೂ ಹಾಗೇ. ಅದಕ್ಕೆ ನಾನು ಬೇಳೆಗೆ ಕುಡಿಯುವ ನೀರನ್ನೇ ಹಾಕುತ್ತೇನೆ. ಬಳ್ಳೊಳ್ಳಿ ಒಗ್ಗರಣೆ ಕೊಟ್ಟರೆ ಅನ್ನಕ್ಕೂ ಆಯಿತು, ರೊಟ್ಟಿಗೂ ಆಯಿತು.

ಭಾಂಡೆ ತಿಕ್ಕೋದು ಬೇಜಾರಲ್ವಾ?

ಇಲ್ಲ. ರೇಡಿಯೋ ಹಚ್ಚಿಕೊಳ್ಳಿ. ಉಂಡ ಕೂಡಲೇ ನೀರು ಹಾಕಿಡಿ, ಹಿಟ್ಟಿನ ಪರಾತ ಒಣಗೋಕೆ ಬಿಡಬೇಡಿ. ಸಿಂಕಿನ ಜಾಳಿ ತೆಗೆದು ಕಸ ಬಳಿದರೆ ಮಾತ್ರ ಕೆಲಸ ಮುಗಿದಂತೆ.

ನಾನು ಹೋದ್ರೆ ಆಕಿ "ಬಿಡ್ರಿ, ನಾನೇ ಮಾಡ್ತೀನಿ" ಅಂತಾಳೆ. ಏನ್ ಮಾಡಲಿ?

ಒಂದೇ ಸಲಕ್ಕೆ ವಾಪಸ್ ಬರಬೇಡಿ. ಆ ಮಾತಿನ ಹಿಂದೆ ಬೇರೆ ಬೇರೆ ಕಾರಣ ಇರುತ್ತವೆ. ಒಮ್ಮೊಮ್ಮೆ ಆಕೆಗೆ ನಿಜವಾಗಲೂ ಆ ಕೆಲಸ ಇಷ್ಟ. ನನ್ನ ಹೆಂಡತಿಗೆ ರಂಗೋಲಿ, ಒಗ್ಗರಣೆ, ಮಗಳ ಜಡೆ ಇಷ್ಟ. ಅವಕ್ಕೆ ನಾನು ಕೈ ಹಾಕುವುದಿಲ್ಲ. ಒಮ್ಮೊಮ್ಮೆ ನೀವು ಮಾಡಿದ ಮೇಲೆ ಮತ್ತೆ ತಾನೇ ಸರಿ ಮಾಡಬೇಕಾಗುತ್ತದೆ ಅನ್ನುವ ಅನುಮಾನ ಇರುತ್ತದೆ. ಆಗ ಆಕೆ ಹೇಗೆ ಮಾಡುತ್ತಾಳೆ ಅಂತ ನೋಡಿ, ಕೇಳಿ, ಹಾಗೇ ಮಾಡಿ. ಡಬ್ಬಿ ಯಾವ ಜಾಗದಲ್ಲಿತ್ತೋ ಅಲ್ಲೇ ಇಡಿ.

ಇನ್ನು ಕೆಲವು ಸಲ ನೆಂಟರು ಕುಂತಿರುತ್ತಾರೆ, ಅವರು ಏನಂದುಕೊಂಡಾರು ಅನ್ನುವ ಸಂಕೋಚ ಆಕೆಗೆ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ ಬಂತೆಂದರೆ ನಮ್ಮ ಮನೆ ತುಂಬಾ ನೆಂಟರು. ಆಗ ನಾನು ಚಹಾದ ಟ್ರೇ ಹಿಡಿದು ಮೊದಲು ದೊಡ್ಡಮ್ಮನ ಮುಂದೆ ಹೋಗುತ್ತೇನೆ. "ಚಹಾ ನಾನೇ ಮಾಡೀನಿ ದೊಡ್ಡವ್ವ, ಸಕ್ರಿ ಸಾಕೇನು ನೋಡು" ಅನ್ನುತ್ತೇನೆ. ದೊಡ್ಡಮ್ಮ ಚಹಾದ ರುಚಿ ಹೇಳೋಕೆ ಶುರು ಮಾಡುತ್ತಾಳೆ. ಯಾರು ಮಾಡಿದರು ಅನ್ನುವ ಮಾತು ಅಲ್ಲಿಗೇ ಮುಗಿಯುತ್ತದೆ.

ನನ್ನ ಹೆಂಡತಿ ಕೆಲಸಕ್ಕೆ ಹೋಗಲ್ಲ, ಮನೆಯಲ್ಲೇ ಇರ್ತಾಳೆ. ನಾನೂ ಮಾಡಬೇಕಾ?

ಮಾಡಬೇಕು. ಮನೆಯಲ್ಲಿರುವುದು ಅಂದರೆ ಕೆಲಸದ ಜಾಗದಲ್ಲೇ ಇರುವುದು. ಕೇಂದ್ರ ಸರ್ಕಾರದವರು 2019ರಲ್ಲಿ ನಮ್ಮ ಜನ ದಿನದ 24 ಗಂಟೆ ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿದ್ದರು. ಮನೆಗೆಲಸ ಮಾಡುವ ಹೆಂಗಸರಿಗೆ ಅದರಲ್ಲೇ ದಿನಕ್ಕೆ ಸರಾಸರಿ 299 ನಿಮಿಷ ಹೋಗುತ್ತಿತ್ತು. ಮಾಡುವ ಗಂಡಸರಿಗೆ 97 ನಿಮಿಷ. ಅದೂ ಗಂಡಸರಲ್ಲಿ ನೂರಕ್ಕೆ 26 ಜನ ಮಾತ್ರ ಮಾಡುತ್ತಿದ್ದರು. ಹೆಂಗಸರಲ್ಲಿ ನೂರಕ್ಕೆ 81. ಹತ್ತಿರ ಹತ್ತಿರ ಐದು ತಾಸು ನಿಂತು, ಬಗ್ಗಿ, ಕುಂತು ಮಾಡುವ ಕೆಲಸ ಅದು. ಅದಕ್ಕೆ ಭಾನುವಾರವೂ ಇಲ್ಲ, ರಿಟೈರ್ಮೆಂಟೂ ಇಲ್ಲ.

ನೀವು ಹೊರಗೆ ದುಡಿದು ದಣಿದಿರುತ್ತೀರಿ, ಅದು ನಿಜ. ಆದರೆ ಸಂಜೆ ಏಳರ ಮೇಲೆ ಇಬ್ಬರ ಡ್ಯೂಟಿಯೂ ಮುಗಿದಿರುತ್ತದೆ. ಅಲ್ಲಿಂದ ಮುಂದಿನದು ಇಬ್ಬರದೂ.

ನಮ್ಮ ಕಡೆ ಬ್ಯಾಸಿಗಿಯಲ್ಲಿ ಬದುಕೋದೇ ಕಷ್ಟ. ಆಗಲೂ ಮನೆಗೆಲಸನಾ?

ಆಗಲೇ ಜಾಸ್ತಿ ಬೇಕು. 42–43 ಡಿಗ್ರಿ ಬಿಸಿಲಿನ ದಿನ ಒಲೆ ಮುಂದೆ ನಿಂತು ನೋಡಿ. ಹಂಚಿನ ಕಾವು, ಗೋಡೆಯ ಕಾವು, ಮೇಲೆ ಸ್ಲ್ಯಾಬಿನ ಕಾವು. ಅಲ್ಲಿ ಒಬ್ಬರನ್ನೇ ಬಿಟ್ಟು ಕೂಲರ್ ಮುಂದೆ ಕೂರೋಕೆ ಮನಸ್ಸು ಹೇಗೆ ಬರುತ್ತದೆ?

ನಮಗೆ ಒಂದು ಅನುಕೂಲ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಹಾಗಾಗಿ ಸಂಜೆಯ ಅಡಿಗೆ ಆ ಎರಡು ತಿಂಗಳು ಪೂರ್ತಿ ನನ್ನದು. ಮಧ್ಯಾಹ್ನ ಒಲೆ ಹಚ್ಚುವುದಿಲ್ಲ. ಬೆಳಿಗ್ಗೆಯೇ ಬಡಿದಿಟ್ಟ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಇನ್ನೇನು ಬೇಕು?

ಕೂಲರ್ ಕೂಡ ನನ್ನ ಖಾತೆ. ಹೋಳಿ ಮುಗಿದ ಕೂಡಲೇ ಇಳಿಸಿ ತೊಳೆಯಿರಿ. ಹುಲ್ಲಿನ ಪ್ಯಾಡಿಗೆ ನಮ್ಮ ಗಡಸು ನೀರಿನ ಬಿಳಿ ಉಪ್ಪು ಕಟ್ಟಿರುತ್ತದೆ. ಗಾಳಿ ಆಡುವುದಿಲ್ಲ, ಹೊಸ ಪ್ಯಾಡ್ ಹಾಕಿ. ಕೈ ಹಾಕುವ ಮುಂಚೆ ಪ್ಲಗ್ ತೆಗೆಯಿರಿ, ಶಾಕ್ ಹೊಡೆದು ಜೀವ ಹೋಗುವುದು ಇಲ್ಲೇ. ಕೂಲರ್ ಹಚ್ಚಿದಾಗ ಎದುರಿನ ಒಂದು ಕಿಟಕಿ ತೆಗೆದಿಡಿ. ಒಣ ಗಾಳಿ ಒಳಗೆ ಬಂದು ಹಸಿ ಗಾಳಿ ಹೊರಗೆ ಹೋದರೇ ತಂಪು, ಇಲ್ಲದಿದ್ದರೆ ಬರೀ ಜಿಗಟು. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ಒರೆಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ತಿಳಿ ನೀರಿನಲ್ಲೇ.

ಅವ್ವಗ ಬ್ಯಾಸರ ಆಗಲ್ವಾ, ಮಗ ಕಸಬರಿಗೆ ಹಿಡಿದ್ರೆ?

ನಮ್ಮ ಅವ್ವಗೆ ಆಗಿಲ್ಲ. "ನಮ್ಮ ತಮ್ಮ ರೊಟ್ಟಿ ಬಡಿಲತ್ತಾನ" ಅಂತ ಓಣಿಗೆಲ್ಲಾ ತಾನೇ ಹೇಳಿಕೊಂಡು ಬರುತ್ತಾಳೆ. ತಮ್ಮ ಅಂದರೆ ನಾನೇ, ಅವ್ವ ಪ್ರೀತಿಯಿಂದ ಹಾಗೆ ಕರೆಯುತ್ತಾಳೆ. ನಿಮ್ಮ ಮನೆಯಲ್ಲಿ ಬೇಸರ ಆಗುತ್ತಿದ್ದರೆ ಒಂದು ದಾರಿ ಇದೆ. ಅವ್ವನ ಹತ್ತಿರವೇ ಕಲಿಯಿರಿ. ಉಪ್ಪಿನಕಾಯಿಗೆ ಮಾವು ಹೆಚ್ಚುವುದು, ಸಂಡಿಗೆ ಹಿಟ್ಟು ಕುದಿಸುವುದು, ತೊಗರಿ ಬೇಳೆಗೆ ಔಡಲ ಎಣ್ಣೆ (ಹರಳೆಣ್ಣೆ) ಸವರಿ ಬಿಸಿಲಿಗೆ ಹಾಕುವುದು, ಜೋಳದ ಚೀಲದಲ್ಲಿ ಒಣ ಬೇವಿನ ಎಲೆ ಇಡುವುದು. ಇದೆಲ್ಲಾ ಅವರ ಕೈಯಲ್ಲಿರುವ ವಿದ್ಯೆ. ಕೇಳುವ ಮಗ ಸಿಕ್ಕರೆ ಅವರಿಗೆ ಹಿಗ್ಗು. ಅತ್ತೆ ಸೊಸೆ ನಡುವೆ ಬರಬಹುದಾದ ಎಷ್ಟೋ ಮಾತು ಹಾಗೇ ಕರಗಿಹೋಗುತ್ತದೆ.

ಮನೆಯ ರೊಕ್ಕ ಯಾರ ಕೈಯಲ್ಲಿ?

ಇಬ್ಬರ ಕೈಯಲ್ಲಿ. ತಿಂಗಳ ಮೊದಲ ಭಾನುವಾರ ಕುಂತು ಬರೆಯುತ್ತೇವೆ. ಬೇಕಾದ್ದು ಯಾವುದು, ಆಸೆ ಯಾವುದು ಅಂತ ಆಕೆ ನನಗಿಂತ ಚೊಲೋ ಹೇಳುತ್ತಾಳೆ.

ನನಗೆ ಇಂಥ ಹೊತ್ತಿನಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನೆನಪಾಗುತ್ತಾರೆ. 12ನೇ ಶತಮಾನದ ಶರಣ ದಂಪತಿ. ಇಲ್ಲೇ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಬದುಕಿದವರು. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಜಾಸ್ತಿ ತಂದ. ಇಷ್ಟು ನಮಗೆ ಬೇಡ, ಇದು ಆಸೆಯ ಅಕ್ಕಿ, ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿಳಿಹೇಳಿದಳು. ಮಾರಯ್ಯ ಒಪ್ಪಿ ಹೋದ. ಹೆಂಡತಿ ಹೇಳಿದ್ದು ಸರಿ ಅಂತ ಕಂಡಾಗ ಎದ್ದು ಹೋದ ಆ ಮಾರಯ್ಯನ ಮೇಲೆ ನನಗೆ ಬಹಳ ಗೌರವ.

ಹಬ್ಬದ ಕೆಲಸ ಹೆಂಗೆ ಹಂಚಿಕೊಳ್ತೀರಿ?

ಎಳ್ಳಮಾವಾಸ್ಯೆ ಬಗ್ಗೆ ಹೇಳುತ್ತೇನೆ, ನಮ್ಮ ಕಡೆ ಅದೇ ದೊಡ್ಡದು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ಎರಚಿ, ಊಟ ಮಾಡುವ ಸಂಭ್ರಮ ಎಲ್ಲರಿಗೂ ಗೊತ್ತು. ಹಿಂದಿನ ರಾತ್ರಿಯ ಕೆಲಸ ಬಹಳ ಗಂಡಸರಿಗೆ ಗೊತ್ತಿರುವುದಿಲ್ಲ. ಭಜ್ಜಿ ಅನ್ನುವ ಕಾಳು-ಸೊಪ್ಪಿನ ಪಲ್ಯಕ್ಕೆ ಹಸಿ ತೊಗರಿ, ಅವರೆ, ಬಟಾಣಿ ಎಲ್ಲಾ ಸುಲಿಯಬೇಕು. ಮೆಂತ್ಯ, ಉಳ್ಳಾಗಡ್ಡಿ ತಪ್ಪಲ ಸೋಸಬೇಕು. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಪುಂಡಿಪಲ್ಯ. ರಾತ್ರಿ ಹನ್ನೆರಡಾದರೂ ಮುಗಿಯದು.

ನಮ್ಮಲ್ಲಿ ಕಾಳು ಸುಲಿಯುವುದು ಗಂಡಸರದು. ತಮ್ಮ, ಭಾವ, ಕಾಕಾ ಎಲ್ಲರೂ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತೇವೆ. ನಡುವೆ ಕಾಯಿಯ ರಾಶಿ. ಹರಟೆ, ಹಾಡು, ಯಾರ ಬಟ್ಟಲು ಮೊದಲು ತುಂಬುತ್ತದೆ ಅನ್ನುವ ಪಂದ್ಯ. ಒಳಗಿಂದ ಹೆಂಗಸರು, "ಹುಳುಕ ನೋಡಿ ಹಾಕ್ರಿ!" ಅಂತ ಕೂಗುತ್ತಾರೆ. ಹೊಲದ ಊಟಕ್ಕಿಂತ ಆ ರಾತ್ರಿಯೇ ನನಗೆ ಹೆಚ್ಚು ಇಷ್ಟ. ಮರುದಿನ ಹೊಲದಿಂದ ಬಂದ ಮೇಲೆ ಬುಟ್ಟಿ ಇಳಿಸಿ, ಭಾಂಡೆ ತೊಳೆದು, ಉಳಿದದ್ದನ್ನು ಹಂಚುವುದೂ ನಮ್ಮದೇ.

ಪಂಚಮಿಗೆ ಆಕಿ ತವರಿಗೆ ಹೋದ್ರೆ ಏನ್ ಮಾಡ್ತೀರಿ?

ಆರಾಮಾಗಿ ಕಳಿಸುತ್ತೇನೆ. ಉಂಡಿ ತಿಂದು, ಜೋಕಾಲಿ ಆಡಿ, ಅಕ್ಕತಂಗಿಯರ ಜತೆ ಹರಟೆ ಹೊಡೆದು ಬರಲಿ. ಮನೆ ಹೇಗೆ ನಡೆದಿದೆಯೋ ಅನ್ನುವ ಚಿಂತೆ ಇಲ್ಲದೆ ಆಕೆ ಬಸ್ ಹತ್ತಬೇಕು. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಜೀರಿಗೆ ಡಬ್ಬಿ ಎಲ್ಲಿದೆ ಅಂತ ಕೇಳಬೇಡಿ.

ಕೆಲಸ ಹಂಚಿಕೊಂಡ್ರೆ ಜಗಳ ಜಾಸ್ತಿ ಆಗಲ್ವಾ?

ಆಗುತ್ತದೆ, ಆದರೆ ಸಣ್ಣ ಜಗಳ. ಒದ್ದೆ ಟವೆಲ್ ಎಲ್ಲಿ ಹಾಕಬೇಕು, ಉಪ್ಪಿಟ್ಟಿಗೆ ಟೊಮೆಟೊ ಹಾಕಬೇಕೋ ಬೇಡವೋ. ನಮ್ಮಲ್ಲಿ ಒಂದು ಕರಾರು ಇದೆ: ಕೆಲಸ ಯಾರ ಕೈಯಲ್ಲಿದೆಯೋ ಮಾತು ಅವರದ್ದು. ನಾನು ಉಪ್ಪಿಟ್ಟು ಮಾಡುವ ದಿನ ಟೊಮೆಟೊ ಬೀಳುತ್ತದೆ. ಆಕೆ ಮಾಡುವ ದಿನ ಬೀಳುವುದಿಲ್ಲ. ಅವ್ವ ಎರಡನ್ನೂ ಚೊಲೋ ಅನ್ನುತ್ತಾಳೆ.

ಓಣಿಯವರು ನಗಲ್ವಾ?

ಮೊದಲು ಒಂದಿಬ್ಬರು ನಕ್ಕರು. ಅಂಗಳದಲ್ಲಿ ಅರಿವೆ ಒಣಹಾಕುವಾಗ ನಾನೂ ನಕ್ಕು ಮಾತಾಡಿಸಿದೆ. ಈಗ ಎದುರು ಮನೆ ಕಾಕಾ ತಮ್ಮ ಮನೆಯ ನೀರು ತಾವೇ ಹಿಡಿಯುತ್ತಾರೆ, ಪಾಳಿ ಯಾವತ್ತು ಅಂತ ನನ್ನನ್ನೇ ಕೇಳುತ್ತಾರೆ.

ಮುಂದಿನ ತಿಂಗಳು ನನ್ನ ಮದುವೆ. ಅಷ್ಟರಲ್ಲಿ ಏನೇನು ಕಲಿತಿರಲಿ?

ಬೇಳೆ ಅನ್ನ ಮಾಡೋಕೆ, ಸಿಲಿಂಡರ್ ಬದಲಿಸಿ ರೆಗ್ಯುಲೇಟರ್ ಸರಿ ಕುಂತಿದೆಯಾ ನೋಡೋಕೆ, ಕುಕ್ಕರಿನ ರಬ್ಬರ್ ಮತ್ತು ಸೀಟಿ ಬಿಚ್ಚಿ ತೊಳೆಯೋಕೆ, ಗುಂಡಿ ಹಚ್ಚೋಕೆ, ಸೀರೆ ಮಡಚೋಕೆ ಕಲಿಯಿರಿ. ಸೀರೆಗೆ ಇಬ್ಬರು ಬೇಕು, ಎದುರು ತುದಿ ಹಿಡಿಯೋಕೆ ಅವ್ವನನ್ನೋ ಅಕ್ಕನನ್ನೋ ಕರೆಯಿರಿ. ಹೊಸ ಸೀರೆಯ ಬಣ್ಣ ಬಿಡಬಹುದು, ಬೇರೆ ಅರಿವೆ ಜತೆ ನೆನೆಹಾಕಬೇಡಿ, ನೆರಳಲ್ಲಿ ಒಣಹಾಕಿ. ಬಾಕಿದ್ದನ್ನು ಮದುವೆಯಾದ ಮೇಲೆ ಇಬ್ಬರೂ ಸೇರಿ ಕಲಿಯಬಹುದು. ಶೇಂಗಾ ಹಿಂಡಿ ಮಾತ್ರ ಈಗಲೇ ಅವ್ವನ ಹತ್ತಿರ ಕಲಿತುಬಿಡಿ. ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಖಾರ, ಬಳ್ಳೊಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಬೇಕು. ಮಿಕ್ಸರ್ ಆದರೆ ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.